ಹೆಡ್ಲಿ ಡೌಸ್ ಬರೆದ ಹದಿಮೂರು

ಹೆಡ್ಲಿ ಡೌಸ್ ಬೋರ್ಡು ಬರೆಯುವವನು. ಸ್ಕೆಲ್ಬಿಯ ಸುತ್ತ ಹತ್ತು ಮೈಲಿಯಲ್ಲಿ ಮಾಂಸದಂಗಡಿ, ಬಿಯರಿನಂಗಡಿ, ಹಾಲಿನ ಗಾಡಿ, ಯಾವುದರ ಮೇಲೆ ಚೆಂದದ ಅಕ್ಷರ ಕಂಡರೂ ಅದು ಅವನ ಕೈಯದ್ದೇ. ಆದರೆ ಅವನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದದ್ದು ಒಂದೇ ದಿನ ಬಾಳುವ ಕೆಲಸದ ಬಗ್ಗೆ. ಪ್ರತಿ ಈಸ್ಟರ್ ಸೋಮವಾರ ಬೆಳಗ್ಗೆ, ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ನಿಂತ ರೇಸು ಕಾರುಗಳ ಮೂಗಿಗೆ, ಎರಡು ಪಕ್ಕಕ್ಕೆ ಅವನು ನಂಬರು ಬರೆಯುತ್ತಿದ್ದ. ಸುಣ್ಣದ ಪುಡಿಗೆ ಅಂಟು ಕಲಸಿದ ಬಣ್ಣ. ಸಂಜೆ ಸೋಪಿನ ನೀರು ಹಾಕಿದರೆ ಹೋಗುವಂಥದ್ದು.

ಆಗ ಕಾರಿಗೆ ಕಾಯಂ ನಂಬರು ಅಂತ ಇರಲಿಲ್ಲ. ಯಾವ ಊರಿನ ರೇಸೋ ಆ ಊರಿನವರು ಕೊಟ್ಟದ್ದೇ ನಂಬರು. ಹೋದ ವಾರ ಫ್ರಾನ್ಸಿನಲ್ಲಿ ಎರಡಾಗಿದ್ದವನು ಸ್ಕೆಲ್ಬಿಯಲ್ಲಿ ಒಂಬತ್ತಾಗುತ್ತಿದ್ದ. ಜಗತ್ತೇ ಹೆಸರು ಹೇಳುವ ಚಾಲಕರು ಹೆಡ್ಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, "ನನ್ನ ಎಂಟಕ್ಕೆ ಸೊಂಟ ಸ್ವಲ್ಪ ಸಣ್ಣ ಮಾಡಪ್ಪ" ಎಂದು ಚುಡಾಯಿಸುತ್ತಿದ್ದರು. ಹೆಡ್ಲಿ ಕುಂಚ ಎತ್ತದೆಯೇ, "ಸೊಂಟ ನನಗೆ ಬಿಡಿ, ತಿರುವು ನೀವು ನೋಡ್ಕೊಳ್ಳಿ" ಅನ್ನುತ್ತಿದ್ದ. ಅವನ ಹೆಂಡತಿ ಮಾವಿಸ್ ಚಹಾದ ಡೇರೆಯಿಂದ ಬೇಕನ್ ತುರುಕಿದ ಬ್ರೆಡ್ಡು ಕಳಿಸುತ್ತಿದ್ದಳು. ಲೋಕ ಗೆದ್ದವರೂ ಊರಿನ ಟ್ರಾಕ್ಟರು ಚಾಲಕರೂ ಒಂದೇ ಹುಲ್ಲಿನ ಹೊರೆಯ ಮೇಲೆ ಕೂತು ತಿನ್ನುತ್ತಿದ್ದರು. ನಂಬಬೇಕಾದರೆ ನಂಬಿ. ಈಗಿನವರಿಗೆ ಹೇಳಿದರೆ ನಗುತ್ತಾರೆ.

ಅದು ಅಂಕಗಳಿಲ್ಲದ ರೇಸು. ವಿಶ್ವ ಚಾಂಪಿಯನ್‌ಷಿಪ್ಪಿನ ಲೆಕ್ಕಕ್ಕೆ ಸೇರಿದ್ದಲ್ಲ. ಗೆದ್ದರೆ ಒಂದು ಬೆಳ್ಳಿಯ ಬಟ್ಟಲು, ಸೋತರೆ ಏನೂ ಹೋಗುವುದಿಲ್ಲ. ಅದಕ್ಕೇ ಅಲ್ಲಿ ಜನ ಖುಷಿಗಾಗಿ ಓಡಿಸುತ್ತಿದ್ದರು. ಆದರೆ ವಿಶ್ವ ಚಾಂಪಿಯನ್‌ಷಿಪ್ಪಿನ ರೇಸುಗಳು ವರ್ಷ ವರ್ಷ ಬಾಣಂತಿಯ ಹಸಿವಿನಂತೆ ಬೆಳೆದವು. ಏಳೆಂಟಿದ್ದದ್ದು ಹನ್ನೆರಡಾಯಿತು, ಸಾವಿರದ ಒಂಬೈನೂರ ಎಪ್ಪತ್ತಮೂರಕ್ಕೆ ಹದಿನೈದಾಯಿತು. ತಂಡಗಳಿಗೆ ಸ್ಕೆಲ್ಬಿಗೆ ಬರಲು ಪುರುಸೊತ್ತೆಲ್ಲಿ? ಒಂದು ಕಾಲಕ್ಕೆ ಇಪ್ಪತ್ತೆರಡು ಕಾರು ಬರುತ್ತಿದ್ದ ಕಡೆ ಹದಿನೇಳು, ಹದಿನೈದು ಎಂದು ಇಳಿಯತೊಡಗಿತು. ರೇಸು ನಡೆಸುವ ಕ್ಲಬ್ಬಿನ ಕಾರ್ಯದರ್ಶಿ ಮೇಜರ್ ಆಡ್ಲಿಂಗ್ ಚಳಿಗಾಲವೆಲ್ಲ ಕೂತು ತಂಡಗಳಿಗೆ ಕಾಗದ ಬರೆಯುತ್ತಿದ್ದರು. ಹೆಣ್ಣಿಗೆ ಗಂಡು ಹುಡುಕುವ ತಂದೆ ಕೂಡ ಅಷ್ಟು ಬೇಡುವುದಿಲ್ಲ.

ಎಪ್ಪತ್ತಮೂರರಲ್ಲಿ ಜಿಲ್ಲೆಯ ಒಂದು ಬಿಸ್ಕತ್ತು ಕಂಪನಿ ಕೈ ಹಿಡಿಯದಿದ್ದರೆ ರೇಸು ನಿಂತೇ ಹೋಗುತ್ತಿತ್ತು. ಕಂಪನಿಯವರು ಪ್ರತಿ ಪೊಟ್ಟಣದೊಳಗೆ ನಂಬರಿನ ಒಂದು ಚೀಟಿ ಹಾಕಿದರು. ನಿಮ್ಮ ಚೀಟಿಯ ನಂಬರಿನ ಕಾರು ಗೆದ್ದರೆ ವರ್ಷವಿಡೀ ಬಿಸ್ಕತ್ತು. ಎಷ್ಟರವರೆಗೆ ನಂಬರು ಎಂದು ಅವರು ಕೇಳಿದ್ದಕ್ಕೆ ಮೇಜರ್, "ಹದಿನಾಲ್ಕರವರೆಗೆ" ಎಂದು ಉತ್ತರ ಬರೆದಿದ್ದರು.

ರೇಸಿನ ದಿನ ಬೆಳಗ್ಗೆ ಹೆಡ್ಲಿ ಕೊನೆಯ ಕಾರಿಗೆ ಹದಿನಾಲ್ಕು ಬರೆದು ಕುಂಚ ತೊಳೆಯುತ್ತಿದ್ದ. ಕಂಪನಿಯ ಮಿಸ್ಟರ್ ಲೆಗೆಟ್ ಕಾರುಗಳ ಸಾಲನ್ನು ಎರಡು ಸಲ ಸುತ್ತಿ ಬಂದರು.

"ಹದಿಮೂರು ಎಲ್ಲಿ?"

"ಹದಿಮೂರಾ?" ಹೆಡ್ಲಿ ನಕ್ಕ. "ರೇಸಲ್ಲಿ ಹದಿಮೂರು ಅಪಶಕುನ, ಯಾರು ಸ್ವಾಮಿ ಬರೀತಾರೆ? ಹನ್ನೆರಡಾದ್ಮೇಲೆ ಹದಿನಾಲ್ಕು. ಎಲ್ಲಾರಿಗೂ ಗೊತ್ತಿರೋದೇ ಅಲ್ವಾ."

"ನನಗೆ ಗೊತ್ತಿರಲಿಲ್ಲ," ಎಂದರು ಲೆಗೆಟ್. ಅವರ ಮುಖ ಬಿಳಿಚಿತ್ತು. "ಹದಿಮೂರರ ಚೀಟಿ ಸಾವಿರಾರು ಜನರ ಕೈಲಿದೆ. ಇಲ್ಲದ ಕಾರಿಗೆ ಚೀಟಿ ಮಾರಿದ್ರು ಅಂತ ನಾಳೆ ಪೇಪರಲ್ಲಿ ಬರುತ್ತೆ. ನಮ್ಮನ್ನ ಮೋಸಗಾರರು ಅಂತಾರೆ. ಹದಿಮೂರು ಓಡದೇ ಇದ್ರೆ ಮುಂದಿನ ವರ್ಷಕ್ಕೆ ನಮ್ಮ ಕಂಪನಿ ಇಲ್ಲ, ಮೇಜರ್."

ಕಂಪನಿ ಇಲ್ಲದಿದ್ದರೆ ರೇಸಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಜರ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ನಲವತ್ತು ವರ್ಷ ರೇಸಿನಲ್ಲೇ ಬೆಳೆದ ಮನುಷ್ಯ. ಹದಿನಾಲ್ಕು ಅಂದರೆ ಹದಿಮೂರು ಕಾರು ಎಂದು ಹೊರಗಿನವರಿಗೆ ಬಿಡಿಸಿ ಹೇಳಬೇಕೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಚಾಲಕರನ್ನು ಕೇಳಿದರು. ನಂಬರು ಬದಲಾಯಿಸಿಕೊಳ್ಳಲು ಒಬ್ಬನೂ ಒಪ್ಪಲಿಲ್ಲ. ಆಗ ಬಾಯಿ ತೆರೆದವನು ಮಾವಿಸಳ ತಮ್ಮ ರೋಲಿ ಎಪ್ಟನ್. ಊರಿನಲ್ಲಿ ಗ್ಯಾರೇಜು ಇಟ್ಟುಕೊಂಡವನು. ಹಿಂದೆ ತಾನೂ ಈ ರೇಸಿನಲ್ಲಿ ಓಡಿಸುತ್ತಿದ್ದ. ನಾಲ್ಕು ವರ್ಷದ ಕೆಳಗೆ ಕಾಲು ಮುರಿದುಕೊಂಡಾಗ ಅಕ್ಕ ಅವನಿಂದ ಇನ್ನು ಓಡಿಸುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದಳು.

"ನನ್ನ ಹಳೇ ಕಾರು ಗ್ಯಾರೇಜಲ್ಲಿದೆ ಭಾವ. ಎಂಜಿನ್ ಚೆನ್ನಾಗೇ ಇದೆ. ರೇಸಿನ ಲೈಸೆನ್ಸೂ ಇದೆ."

"ಲೈಸೆನ್ಸಾ? ಓಡಿಸಲ್ಲ ಅಂತ ಮಾತು ಕೊಟ್ಟಿದ್ದೆಯಲ್ಲೋ!"

"ಓಡಿಸಲ್ಲ ಅಂದಿದ್ದೆ. ಲೈಸೆನ್ಸು ಮಾಡಿಸಲ್ಲ ಅಂದಿರಲಿಲ್ಲ."

ಮೇಜರ್ ಹೆಡ್ಲಿಯ ಕಡೆ ನೋಡಿದರು. ಹೆಡ್ಲಿ ನೆಲ ನೋಡಿದ. ಅವನ ಹೆದರಿಕೆ ಬರೀ ರೇಸಿನವರ ರೂಢಿಯದ್ದಲ್ಲ. ಯುದ್ಧದ ಕಾಲದಲ್ಲಿ ಇದೇ ಬಯಲಿನಿಂದ ಬಾಂಬು ಹಾಕುವ ವಿಮಾನಗಳು ಏಳುತ್ತಿದ್ದವು. ಒಂದೊಂದು ವಿಮಾನ ಎಷ್ಟು ಸಲ ಹೋಗಿ ಬಂತೆಂದು ಅದರ ಮೂಗಿನ ಮೇಲೆ ಗುರುತು ಬರೆಯುವುದು ಹೆಡ್ಲಿಯ ಕೆಲಸ. ಹದಿಮೂರನೆಯ ಸಲವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಬ್ಬ ಹುಡುಗ ಪೈಲಟ್ಟು ಮಾತ್ರ, "ಹೋಗೋ ಮುಂಚೆಯೇ ಬರೀರಿ, ದೊಡ್ಡದಾಗಿ ಹದಿಮೂರು ಅಂತ ಬರೀರಿ" ಎಂದು ನಕ್ಕಿದ್ದ. ಹೆಡ್ಲಿ ಬರೆದ. ಏಳು ಜನ ಹೋದರು. ಒಬ್ಬರೂ ವಾಪಸು ಬರಲಿಲ್ಲ. ಅಂದಿನಿಂದ ಮನೆಯ ಬಾಗಿಲಿನ ಮೇಲೆ ಬರೆಯಬೇಕಾಗಿ ಬಂದರೂ ಅವನು ಹದಿಮೂರು ಬರೆಯುತ್ತಿರಲಿಲ್ಲ.

"ನನ್ನ ಕೈಲಾಗಲ್ಲ ಸಾಹೇಬ್ರೇ," ಎಂದ. "ಬೇರೆ ಯಾರ ಕೈಲಾದ್ರೂ ಬರೆಸಿ."

"ನೀನು ಬರೆಯೋದಿಲ್ಲ ಅಂದ್ರೆ ಬಿಡು ಹೆಡ್ಲಿ. ನಿನಗೆ ಮನಸ್ಸಿಲ್ಲದೆ ನಿನ್ನ ಭಾಮೈದನನ್ನ ನಾನು ಓಡಿಸೋದಿಲ್ಲ," ಎಂದರು ಮೇಜರ್. ಅವರ ದನಿ ಕುಗ್ಗಿತ್ತು. "ಇಪ್ಪತ್ತೆರಡು ವರ್ಷ ನಡೀತು. ಸಾಕು ಅಂದ್ಕೊಳ್ಳೋಣ."

ಅಷ್ಟರಲ್ಲಿ ಸುದ್ದಿ ಚಹಾದ ಡೇರೆ ಮುಟ್ಟಿತ್ತು. ಮಾವಿಸ್ ಒದ್ದೆ ಕೈಯನ್ನು ಬಟ್ಟೆಗೆ ಒರೆಸುತ್ತ ಬಂದಳು. ಮೊದಲು ತಮ್ಮನನ್ನು ದುರುಗುಟ್ಟಿ ನೋಡಿದಳು.

"ಕಳ್ಳ. ವರ್ಷಾ ವರ್ಷಾ ಲೈಸೆನ್ಸು ಮಾಡಿಸ್ಕೋತಿದ್ದೀಯಾ?"

"ಸುಮ್ನೆ ಜೇಬಲ್ಲಿರ್ಲಿ ಅಂತ ಅಕ್ಕಾ."

ಮಾವಿಸ್ ಕಾರುಗಳ ಸಾಲು ನೋಡಿದಳು, ಬೇಲಿಯಾಚೆ ಆಗಲೇ ತುಂಬುತ್ತಿದ್ದ ಜನರನ್ನು ನೋಡಿದಳು, ಆಮೇಲೆ ಗಂಡನನ್ನು. ಅವನು ವರ್ಷದ ಈ ಒಂದು ದಿನ ಎಷ್ಟು ಸಂತೋಷವಾಗಿರುತ್ತಿದ್ದನೆಂದು ಅವಳಿಗಲ್ಲದೆ ಯಾರಿಗೆ ಗೊತ್ತು?

"ರೀ, ಬರೀರಿ," ಎಂದಳು. "ಬರೆಯೋದಾದ್ರೆ ನೀವೇ ಬರೀರಿ. ನನ್ನ ತಮ್ಮ ಸೊಟ್ಟ ಅಂಕಿ ಹಾಕ್ಕೊಂಡು ಹೋಗೋದು ಬೇಡ." ಹಾಗೆಂದವಳು ಡೇರೆಯೊಳಗೆ ಹೋದಳು. ರೇಸು ಮುಗಿಯುವವರೆಗೂ ಹೊರಗೆ ಬರಲಿಲ್ಲ.

ಹೆಡ್ಲಿ ಬರೆದ. ಒಂದು ಸಲೀಸಾಗಿ ಬಂತು. ಮೂರರ ಹೊಟ್ಟೆ ಸೊಟ್ಟಗಾಯಿತು. ಅಳಿಸಿ ಮತ್ತೆ ಬರೆದ. ರೋಲಿ ಹೆಲ್ಮೆಟ್ಟು ಹಾಕಿಕೊಳ್ಳುತ್ತ, "ಇಷ್ಟು ಚೆಂದ ಬಂದಿದೆ, ಇದರ ಮೇಲೆ ಮಣ್ಣು ಹಾರಿಸ್ಕೋಬೇಕಾ ಭಾವ?" ಎಂದ. ಹೆಡ್ಲಿಗೆ ನಗಲು ಆಗಲಿಲ್ಲ. "ನಿಧಾನ ಕಣೋ," ಎಂದಷ್ಟೇ ಹೇಳಿದ.

ನಲವತ್ತು ಸುತ್ತು. ಒಂದೊಂದು ಸುತ್ತಿಗೂ ಹೆಡ್ಲಿಯ ಜೀವ ಬಾಯಿಗೆ ಬಂದು ಹೋಗುತ್ತಿತ್ತು. ದೂರದ ತಿರುವಿನ ಹಿಂದೆ ಕಾರುಗಳು ಮರೆಯಾದಾಗ ಉಸಿರು ಹಿಡಿಯುತ್ತಿದ್ದ, ರೋಲಿಯ ಹಳೆಯ ಹಸಿರು ಕಾರು ಎಲ್ಲರ ಹಿಂದೆ ತೂರಾಡುತ್ತ ಬಂದಾಗ ಬಿಡುತ್ತಿದ್ದ. ಆದರೆ ಬೇಲಿಯಾಚೆ ಬೇರೆಯೇ ಹಬ್ಬ. ಹದಿಮೂರರ ಚೀಟಿ ಸಿಕ್ಕವರೆಲ್ಲ ತಮ್ಮ ಕಾರು ಗೆಲ್ಲುವುದಿಲ್ಲವೆಂದು ಎರಡನೆಯ ಸುತ್ತಿಗೇ ತಿಳಿದುಕೊಂಡು, ಬಿಸ್ಕತ್ತಿನ ಆಸೆ ಬಿಟ್ಟು, ಬರೀ ರೋಲಿಗಾಗಿ ಕೂಗತೊಡಗಿದ್ದರು. ಮುಂದೆ ಓಡುವ ಜಗತ್ಪ್ರಸಿದ್ಧನಿಗೆ ಒಂದು ಚಪ್ಪಾಳೆಯಾದರೆ ಕೊನೆಯಲ್ಲಿ ಬರುವ ಗ್ಯಾರೇಜಿನವನಿಗೆ ಹತ್ತು. ಆರು ಕಾರು ಕೆಟ್ಟು ನಿಂತವು. ರೋಲಿ ನಿಲ್ಲಲಿಲ್ಲ. ಎಂಟನೆಯವನಾಗಿ, ಎಲ್ಲರಿಗಿಂತ ಕೊನೆಯವನಾಗಿ ಮುಗಿಸಿದ. ಜನ ಬೇಲಿ ಹಾರಿ ಬಂದು ಅವನನ್ನು ಹೆಗಲ ಮೇಲೆ ಹೊತ್ತರು. ಗೆದ್ದವನು ತನ್ನ ಬೆಳ್ಳಿ ಬಟ್ಟಲಲ್ಲಿ ಅವನಿಗೆ ಶಾಂಪೇನು ಕುಡಿಸಿದ.

"ಬೀಸೋ ದೊಣ್ಣೆ ತಪ್ಪಿತು, ನೂರು ವರ್ಷ ಆಯಸ್ಸು," ಎಂದಳು ಮಾವಿಸ್ ಡೇರೆಯಿಂದ ಬಂದು. ತಮ್ಮನ ಕಪಾಳಕ್ಕೆ ಒಂದು ಬಿಟ್ಟು, ಆಮೇಲೆ ತಬ್ಬಿಕೊಂಡಳು. ಲೆಗೆಟ್ ಮೇಜರರ ಕೈ ಕುಲುಕಿ, "ಮುಂದಿನ ವರ್ಷವೂ ನಾವಿದ್ದೀವಿ" ಎಂದರು. ಹೆಡ್ಲಿ ಬಕೆಟ್ಟು ಸೋಪು ತಂದು ಹಸಿರು ಕಾರಿನ ಅಂಕಿಯನ್ನು ತಾನೇ ತೊಳೆದ. ಇಪ್ಪತ್ತೆರಡು ಈಸ್ಟರಿನಲ್ಲಿ ಅಂಥ ದಿನ ಬಂದಿರಲಿಲ್ಲ.

ಆದರೆ ಕಂಪನಿ ಇದ್ದರೆ ಸಾಕೇ, ಕಾರು ಬೇಡವೇ? ಆ ಚಳಿಗಾಲ ಮೇಜರ್ ಇಪ್ಪತ್ತು ಕಾಗದ ಬರೆದರು. ಮೂರಕ್ಕೆ ಉತ್ತರ ಬಂತು. ಮೂರರಲ್ಲೂ ಒಂದೇ ಮಾತು: ಅಂಕವಿಲ್ಲದ ರೇಸಿಗೆ ಬಿಡುವಿಲ್ಲ, ಕ್ಷಮಿಸಿ. ಜೊತೆಗೆ ಇನ್ನೊಂದು ಸುದ್ದಿಯೂ ಇತ್ತು. ಇನ್ನು ಮೇಲೆ ತಂಡಗಳಿಗೆ ವರ್ಷಕ್ಕೆಲ್ಲ ಒಂದೇ ನಂಬರಂತೆ, ಕಾರ್ಖಾನೆಯಲ್ಲೇ ಅಂಟಿಸಿಕೊಂಡು ಬರುತ್ತಾರಂತೆ. ಫೆಬ್ರವರಿಯಲ್ಲಿ ಕ್ಲಬ್ಬು ಬಯಲನ್ನು ಲಾರಿ ಓಡಿಸಲು ಕಲಿಸುವ ಶಾಲೆಗೆ ಕೊಟ್ಟಿತು.

ಮೇಜರ್ ಹೆಡ್ಲಿಯ ಮನೆಗೇ ಬಂದರು. ಹೆದ್ದಾರಿಯ ಪಕ್ಕದ ದೊಡ್ಡ ಫಲಕದಿಂದ ರೇಸಿನ ಹೆಸರು ತೆಗೆಯಬೇಕಿತ್ತು.

"ನಾನು ಬರೆದದ್ದನ್ನ ನಾನೇ ಅಳಿಸಲ್ಲ ಸಾಹೇಬ್ರೇ," ಎಂದ ಹೆಡ್ಲಿ. ಆಮೇಲೆ, "ಹದಿಮೂರು ಬರೆದೆನಲ್ಲ. ರೋಲಿಗೆ ತಟ್ಟಬೇಕಾದ್ದು ರೇಸಿಗೆ ತಟ್ಟಿತು," ಎಂದ.

"ಹುಚ್ಚಪ್ಪ, ನೀನು ಬರೆದಿದ್ರಿಂದ ಆವತ್ತೊಂದು ದಿನ ನಡೀತು. ಇದು ಎಲ್ಲಾ ಕಡೆ ಹೀಗೇ ಆಗ್ತಿದೆ ಕಣಯ್ಯ," ಎಂದರು ಮೇಜರ್. ಹೆಡ್ಲಿ ನಂಬಲಿಲ್ಲ.

ವಾರ ಕಳೆದ ಮೇಲೆ ಅವನು ವ್ಯಾನಿನಲ್ಲಿ ಆ ದಾರಿಯಲ್ಲಿ ಹೋಗುತ್ತಿದ್ದಾಗ ಮೇಜರ್ ಏಣಿಯ ಮೇಲೆ ನಿಂತಿದ್ದರು. ಎಪ್ಪತ್ತರ ಮುದುಕ, ಗಾಳಿಗೆ ಕೋಟು ಪಟಪಟ ಬಡಿಯುತ್ತಿತ್ತು. ಗೋಡೆಗೆ ಸುಣ್ಣ ಹೊಡೆಯುವ ಅಗಲ ಕುಂಚದಿಂದ ಬಳಿಯುತ್ತಿದ್ದರು. ಬಣ್ಣ ತೊಟ್ಟಿಕ್ಕಿ ಗೆರೆಗೆರೆಯಾಗಿ ಇಳಿದಿತ್ತು. ಹೆಸರಿನ ಅರ್ಧ ಕೊಳಕಾಗಿ ಅಳಿಸಿ, ಅರ್ಧ ಇಣುಕುತ್ತಿತ್ತು. ಹೆಡ್ಲಿ ಮುಂದೆ ಹೋದ. ಅರ್ಧ ಮೈಲಿ ಹೋಗಿ ವ್ಯಾನು ತಿರುಗಿಸಿದ.

"ಇಳೀರಿ ಸಾಹೇಬ್ರೇ," ಎಂದ. "ದಾರೀಲಿ ಹೋಗೋರು ನೋಡಿದ್ರೆ ಏನಂದ್ಕೋತಾರೆ? ಇಷ್ಟು ಕೆಟ್ಟದಾಗಿ ಅಳಿಸ್ತಾರಾ ಯಾರಾದ್ರೂ?"

ಮೇಜರ್ ಇಳಿದು ಏಣಿ ಹಿಡಿದುಕೊಂಡರು. ಹೆಡ್ಲಿ ಇಳಿದಿದ್ದ ಗೆರೆಗಳನ್ನೆಲ್ಲ ಕೆರೆದು ಸಾಪು ಮಾಡಿದ. ತನ್ನ ಒಳ್ಳೆಯ ಕುಂಚ ತೆಗೆದು ಒಂದೊಂದೇ ಅಕ್ಷರವನ್ನು, ಬರೆಯುವಾಗ ಹೇಗೋ ಹಾಗೇ, ಅಂಚಿನಿಂದ ಅಂಚಿಗೆ ಮುಚ್ಚುತ್ತ ಹೋದ. ಒಣಗಲು ಬಿಟ್ಟು ಎರಡನೆಯ ಸಲ ಬಳಿದ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಅಲ್ಲಿ ಎಂದಾದರೂ ಒಂದು ಹೆಸರಿತ್ತೆಂದು ಹೇಳುವ ಹಾಗಿರಲಿಲ್ಲ. ಅವನು ಕೆಳಗಿಳಿದು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದ.

"ಈಗ ಸರಿಹೋಯ್ತು," ಎಂದ. ಆಮೇಲೆ ಮೇಜರರ ಎದುರಿಗೇ, ಕುಂಚ ಕೈಯಲ್ಲಿ ಹಿಡಿದುಕೊಂಡೇ ಅತ್ತ.