ಒಸಿ ಅಂದರೆ ಎಷ್ಟು?

“ಮಗ ಹೆಂಗೈತೆ ಡಾಕ್ಟ್ರಮ್ಮಾ?”

ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಪ್ರಶ್ನೆ ಇದು. ಒಳಗೆ ಹುಟ್ಟಿದ್ದು ಹೆಣ್ಣು. ನಾನು ಈ ಸೀಮೆಗೆ ಬಂದ ಮೊದಲ ವಾರ. ಸಿಟ್ಟು ನೆತ್ತಿಗೇರಿತು. “ಮಗ ಅಲ್ರೀ, ಮಗಳು! ಹೆಣ್ಣಂದ್ರ ನಿಮಗ ಬ್ಯಾಡೇನು?” ಎಂದು ನಿಂತಲ್ಲೇ ಒಂದು ಭಾಷಣ ಬಿಗಿದೆ. ಅಜ್ಜಿ ಬಾಯಿ ಬಿಟ್ಟುಕೊಂಡು ಕೇಳಿ, “ಅಯ್ ನಮ್ಮವ್ವ, ಹೆಣ್ ಮಗಾನೇ ಆಗ್ಲಿ ಅಂತ ಹರಕೆ ಹೊತ್ತಿದ್ವಿ ಕಣವ್ವ. ಒಸಿ ತೋರ್ಸು” ಅಂದಳು. ಪಕ್ಕದಲ್ಲಿದ್ದ ಡಾಕ್ಟರ್ ಗಿರೀಶ್ ಬಿದ್ದು ಬಿದ್ದು ನಕ್ಕರು. ಇಲ್ಲಿ ಮಗುವಿಗೇ ‘ಮಗ’ ಅನ್ನುತ್ತಾರೆ, ಅದು ಗಂಡಾಗಲಿ ಹೆಣ್ಣಾಗಲಿ. ನಮ್ಮ ಕಡೆ ಕೂಸು ಅಂದಹಾಗೆ.

ಸಿಂದಗಿಯಿಂದ ಮಾಗಡಿ ತಾಲ್ಲೂಕಿಗೆ ಹೊರಟಾಗ, ಹೋಗುತ್ತಿರುವುದು ಕನ್ನಡ ಊರಿಗೇ ಅಲ್ಲವೇ ಅಂದುಕೊಂಡಿದ್ದೆ. ಬಂದ ಮೇಲೆ ನನ್ನ ಕನ್ನಡ ಕೇಳಿದವರೆಲ್ಲ, “ಮೇಡಂ, ನಿಮ್ದು ಯಾವ್ ದೇಶ?” ಅನ್ನತೊಡಗಿದರು. ಕುದೂರಿನಲ್ಲಿ ಬಾಡಿಗೆ ಮನೆ ಸಿಕ್ಕಿತು. ಓನರಮ್ಮ ಮೊದಲ ದಿನವೇ ಮುದ್ದೆ, ಉಪ್ಸಾರು ತಂದುಕೊಟ್ಟು, ನಾನು ರೊಟ್ಟಿ ಜಗಿದಂತೆ ಮುದ್ದೆ ಜಗಿಯುವುದನ್ನು ನೋಡಿ ಕಂಗಾಲಾದರು. “ಅಗೀಬೇಡಿ, ನುಂಗ್ರವ್ವ!” ನಮ್ಮಲ್ಲಿ ಅನ್ನವನ್ನು ಅಗಿದು ತಿನ್ನು ಎಂದು ಕಲಿಸುತ್ತಾರೆ, ಇಲ್ಲಿ ನುಂಗುವುದನ್ನು ಕಲಿಯಬೇಕು. ಆಸ್ಪತ್ರೆಯಲ್ಲಿ ಮಾತು ನುಂಗುವುದೂ ಬೇಗ ಅಭ್ಯಾಸವಾಯಿತು.

ನಾನು ಕೆಲಸ ಮಾಡುವುದು ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ. ಹೆಸರು ಬೇಡ. ಹೆರಿಗೆ ವಿಭಾಗಕ್ಕೆ ನಾವಿಬ್ಬರು ಡಾಕ್ಟರುಗಳು, ನಾನು ಮತ್ತು ಗಿರೀಶ್. ಇಬ್ಬರದೂ ಒಂದೇ ಓದು, ಸೇರಿದ್ದು ಎರಡು ದಿನವಾದರೂ ನಾನೇ ಮೊದಲು. ನಮ್ಮ ಮೇಲೆ ಮುಖ್ಯಸ್ಥರಾಗಿದ್ದ ಹಿರಿಯ ಡಾಕ್ಟರ್ ಸರೋಜಮ್ಮ ನಿವೃತ್ತಿಗೆ ಬಂದಿದ್ದರು. ಆ ಕುರ್ಚಿ ನನಗೆ ಬೇಕಿತ್ತು. ಸುತ್ತಿ ಬಳಸಿ ಹೇಳುವುದಿಲ್ಲ, ಬಹಳ ಬೇಕಿತ್ತು.

ಇಲ್ಲಿಯ ಭಾಷೆಯಲ್ಲಿ ನನಗೆ ಮೊದಲು ಒಲಿದ ಪದ ‘ಒಸಿ’. ನಮ್ಮ ‘ತುಸು’ ಇದ್ದಹಾಗೆ. ಒಸಿ ತಡೀರಿ, ಒಸಿ ಸರೀರಿ, ಒಸಿ ಉಪ್ಪು ಹಾಕಿ. ಕಿವಿಗೆ ಹಿತವಾದ ಪದ. ಗಿರೀಶ್ ಬಾಯಲ್ಲಿ ಮಾತ್ರ ಅದು ಬೆಳೆಯುತ್ತಿತ್ತು. “ಮೇಡಂ, ವಾರ್ಡ್ ಒಸಿ ನೋಡ್ಕಳಿ, ಬೆಂಗ್ಳೂರಲ್ಲಿ ಒಂದ್ ಟ್ರೈನಿಂಗ್ ಐತೆ, ಬಂದ್ಬುಡ್ತೀನಿ” ಅನ್ನುವರು. ಆ ಒಸಿ ಸಂಜೆಯವರೆಗೂ ಹಿಗ್ಗುತ್ತಿತ್ತು. ಹೀಗೆ ಒಸಿ ಒಸಿಯಾಗಿ ಅವರು ಲ್ಯಾಪರೊಸ್ಕೋಪಿ ಕಲಿತರು, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ನಾನು ಒಸಿ ಒಸಿಯಾಗಿ ವಾರ್ಡಿನಲ್ಲೇ ಉಳಿದೆ.

ಹೊಟ್ಟೆಕಿಚ್ಚು ಅನ್ನಿ, ನನಗೇನೂ ಬೇಜಾರಿಲ್ಲ. ಚನ್ನಪಟ್ಟಣದ ಅವರ ಮನೆಯಿಂದ ಬರುವ ಬಸ್ಸಾರಿನ ಡಬ್ಬಿ ಕಂಡರೂ ನನಗೆ ಉರಿಯುತ್ತಿತ್ತು. ಕನಕಪುರದಿಂದ ಬಂದ ರೋಗಿಯೂ, “ನೀವು ಇಂಥೋರ ಮೊಮ್ಮಗ ಅಲ್ವಾ?” ಎಂದು ಅವರನ್ನು ಗುರುತು ಹಿಡಿಯುವಾಗ ಉರಿಯುತ್ತಿತ್ತು. ನನ್ನ ಅಜ್ಜನನ್ನು ಬಲ್ಲವರು ಇಲ್ಲಿ ಒಬ್ಬರಾದರೂ ಇದ್ದಾರೆಯೇ? ಬಿಡದಿಯಲ್ಲಿ ತಟ್ಟೆ ಇಡ್ಲಿ ಕೊಡಿಸಿ ಪ್ರೀತಿಯಿಂದ ಚಟ್ನಿ ಬಡಿಸಿದರೆ, ಆ ಒಳ್ಳೆಯತನಕ್ಕೂ ಉರಿಯುತ್ತಿತ್ತು. ಕೆಟ್ಟವನಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಮನುಷ್ಯ ಒಳ್ಳೆಯವನು, ಅದೇ ತೊಂದರೆ.

ತಮಾಷೆಯೆಂದರೆ ಜನಕ್ಕೆ ಬೇಕಾದವಳು ನಾನು. ಹೆರಿಗೆಗೆ ಬಂದ ಹೆಂಗಸರು, “ಡಾಕ್ಟ್ರಮ್ಮ ಅವ್ರಾ? ಅವ್ರೇ ಬರ್ಲಿ” ಅನ್ನುತ್ತಿದ್ದರು. ಗಂಡು ಡಾಕ್ಟರ ಮುಂದೆ ಅವರಿಗೆ ಸಂಕೋಚ. ಹಾಗಾಗಿ ವಾರ್ಡು ನನಗೆ, ಆಪರೇಷನ್ ಥಿಯೇಟರು ಗಿರೀಶ್‌ಗೆ. ಹೀಗೆಂದು ಯಾರೂ ಆದೇಶ ಮಾಡಿರಲಿಲ್ಲ, ತಾನಾಗಿ ರೂಢಿಯಾಯಿತು. ಮುಖ್ಯಸ್ಥರಾಗಲು ಮಾತ್ರ ಆಪರೇಷನ್ ಅನುಭವವನ್ನೇ ನೋಡುತ್ತಾರಂತೆ! ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಅನ್ನುತ್ತಾರಲ್ಲ, ನನ್ನ ಪಾಡು ಅದೇ ಆಯಿತು.

ಸರೋಜಮ್ಮನವರು ಹೊರಡುವ ಮುಂಚೆ ಟ್ರಸ್ಟಿನ ಕಾರ್ಯದರ್ಶಿ ನಮ್ಮಿಬ್ಬರನ್ನೂ ಕರೆಸಿದರು. ಬಿಳಿ ಪಂಚೆಯ ಹಿರಿಯರು, ಮಾತು ಮೃದು. ಸರೋಜಮ್ಮನವರೂ ಕೂತಿದ್ದರು.

“ನಿಮ್ ಕೆಲ್ಸಕ್ಕೆ ಎರಡ್ ಮಾತಿಲ್ಲ ಮೇಡಂ. ವಾರ್ಡು ನಿಮ್ಮಿಂದ್ಲೇ ನಡೀತೈತೆ. ನಿಮ್ಮನ್ನ ಅಲ್ಲಿಂದ ಎಬ್ಬಿಸ್ಬುಟ್ರೆ ಹೆಣ್ಮಕ್ಳು ಸುಮ್ನಿರ್ತಾರಾ?” ಎಂದರು. ಆಮೇಲೆ ಮೆಲ್ಲಗೆ, “ದೂರದೋರು ನೀವು. ನಾಳೆ ಊರ್ ಕಡೆ ಹೊಂಟೋದ್ರೆ? ಗಿರೀಶು ನಮ್ ಕಡೆಯೋರು, ಇರ್ತಾರೆ. ಮೊದ್ಲು ಅವ್ರು ಒಸಿ ದಿನ ಮುಖ್ಯಸ್ಥರಾಗಿರ್ಲಿ. ಆಮ್ಯಾಕೆ ನೀವು” ಅಂದರು.

ಹೊಗಳಿಕೆಯಿಂದಲೂ ಬಾಗಿಲು ಮುಚ್ಚಬಹುದೆಂದು ಆಗ ತಿಳಿಯಿತು. ನಾನು ನುಂಗುವುದನ್ನು ಕಲಿತಿದ್ದೆ, ನಿಜ. ಆದರೆ ಇದು ಗಂಟಲಲ್ಲಿ ಇಳಿಯಲಿಲ್ಲ.

“ಒಸಿ ಅಂದ್ರ ಎಷ್ಟ್ರೀ?” ಎಂದೆ.

ಕಾರ್ಯದರ್ಶಿ ಕಣ್ಣು ಪಿಳಿಪಿಳಿ ಬಿಟ್ಟರು. ನನಗೆ ಪದದ ಅರ್ಥ ಗೊತ್ತಿಲ್ಲವೆಂದುಕೊಂಡು, “ಒಸಿ ಅಂದ್ರೆ ಸ್ವಲ್ಪ ಮೇಡಂ” ಎಂದು ಬಿಡಿಸಿ ಹೇಳಿದರು.

“ಅರ್ಥ ಗೊತ್ತೈತ್ರೀ. ಎಷ್ಟು ಅಂತ ಕೇಳಾಕತ್ತೀನಿ.”

ಗಿರೀಶ್ ಕೂತಲ್ಲೇ ಮಿಸುಕಾಡಿದರು. ಸರೋಜಮ್ಮನವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, “ಹೇಳ್ಬುಡ್ರಪ್ಪ, ಕೇಳ್ತಾವ್ರೆ. ನಂಗೂ ಇಂಗೇ ಒಸಿ ಒಸಿ ಅಂತ್ಲೇ ತಲೆ ನರೆತೋಯ್ತು” ಅಂದರು. ಅವರು ಅದುವರೆಗೆ ಈ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಕಾರ್ಯದರ್ಶಿ ಪಂಚೆಯ ಅಂಚು ಸರಿಮಾಡಿಕೊಂಡು ಕೊನೆಗೆ ಹೇಳಿದರು: “ಯುಗಾದಿ ಗಂಟ ಗಿರೀಶು. ಯುಗಾದಿಯಿಂದ ನೀವು. ವರ್ಷಕ್ಕೊಬ್ರು.”

ಅಲ್ಲಿಯವರೆಗೆ ಥಿಯೇಟರನ್ನೂ ವಾರ್ಡನ್ನೂ ಸಮ ಹಂಚಬೇಕು, ಮುಂದಿನ ಟ್ರೈನಿಂಗಿಗೆ ನಾನೇ ಹೋಗಬೇಕು ಎಂದೆ. ಒಪ್ಪಿದರು. ಹೊರಗೆ ಬಂದ ಗಿರೀಶ್, “ನಾನ್ ಯಾವತ್ತೂ ಅಂಗೆ ಯೋಚ್ನೆ ಮಾಡೇ ಇರ್ಲಿಲ್ಲ ಮೇಡಂ” ಅಂದರು. ಯೋಚನೆ ಮಾಡುವ ಅಗತ್ಯವೇ ಅವರಿಗೆ ಬಂದಿರಲಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಈಗ ವಾರದಲ್ಲಿ ಮೂರು ದಿನ ಥಿಯೇಟರ್ ನನ್ನದು. ಮೊನ್ನೆ ಅಲ್ಲಿದ್ದಾಗ ವಾರ್ಡಿನಿಂದ ಫೋನ್ ಬಂತು. ಕೋಡಿಹಳ್ಳಿ ಕಡೆಯ ಬಸುರಿಯೊಬ್ಬಳು ಡಾಕ್ಟ್ರಮ್ಮನೇ ಬೇಕೆಂದು ಹಟ ಹಿಡಿದಿದ್ದಳು. ಗಾಬರಿಯ ಕೇಸೇನಲ್ಲ. ಗಿರೀಶ್ ಗೋಗರೆದರು: “ಮೇಡಂ, ಒಸಿ ಬಂದೋಗಿ.” ನಾನು ಅವರ ಭಾಷೆಯಲ್ಲೇ, “ಒಸಿ ನೀವೇ ನೋಡ್ಕಳಿ. ಸಮಾಧಾನವಾಗಿ ಮಾತಾಡ್ಸಿ, ಒಪ್ಕೊತಾಳೆ” ಎಂದೆ. ಒಪ್ಪಿಕೊಂಡಳು. ಮಗನೂ ಚೆನ್ನಾಗಿತ್ತು. ಹೆಣ್ಣು. ಹೊರಡುವಾಗ ಆ ತಾಯಿ ಗಿರೀಶ್‌ಗೆ ಕೈ ಮುಗಿದದ್ದನ್ನು ದೂರದಿಂದ ನೋಡಿದೆ. ಇದೇ ಆಗಬೇಕೆಂದು ಹೋರಾಡಿದವಳು ನಾನು. ಆದರೂ, ನನ್ನ ರೋಗಿಯಲ್ಲವೇ ಅವಳು ಎಂದು ಒಳಗೆ ಚುರ್ ಅಂದಿತು.

ಹೋದ ಭಾನುವಾರ ಸಿಂದಗಿಯಿಂದ ಅಕ್ಕ ಫೋನ್ ಮಾಡಿದ್ದಳು. “ಇಲ್ಲೊಂದು ಹೊಸಾ ದವಾಖಾನಿ ಆಗೇತಿ. ಹೆರಿಗಿ ಡಾಕ್ಟರ್ ಬೇಕಾಗ್ಯಾರ. ಬಂದ ದಿನಾನ ನಿನ್ನ ಮುಖ್ಯಸ್ಥಿ ಮಾಡ್ತಾರಂತ. ಮತ್ತೊಬ್ಬರ ಕುರ್ಚಿ ಕಾಯ್ಕೊಂತ ಅಲ್ಲ್ಯಾಕ ಕುಂತಿ? ಯಾವಾಗ ಬರ್ತಿ?”

ಬಿಸಿ ರೊಟ್ಟಿ, ಎಣ್ಣೆಗಾಯಿ, ನನ್ನಜ್ಜನ ಹೆಸರು ಹೇಳಿದರೆ ಕುರ್ಚಿ ಎಳೆದುಕೊಡುವ ಜನ, ಎಲ್ಲ ಕಣ್ಣ ಮುಂದೆ ಬಂದವು. ನಾನು ಬಿಟ್ಟುಹೋದರೆ ಯುಗಾದಿಯಾದ ಮೇಲೂ ಇಲ್ಲಿಯ ಕುರ್ಚಿಯಲ್ಲಿ ಗಿರೀಶ್ ಕೂತಿರುವುದೂ ಕಂಡಿತು.

“ಒಸಿ ದಿನ ತಡಿ ಅಕ್ಕ” ಎಂದೆ.

“ಏನಂದಿ? ಒಸಿ ಅಂದ್ರ?”

“ಒಸಿ ಅಂದ್ರ... ತುಸು.”

“ತುಸು ಅಂದ್ರ ಎಷ್ಟ?”

ಯುಗಾದಿಯವರೆಗೆ ಅನ್ನಬಹುದಿತ್ತು. ಆದರೆ ಆಗ ಕುರ್ಚಿ ಸಿಕ್ಕರೆ ಅದನ್ನು ಬಿಟ್ಟು ಹೋಗುವುದು ಹೇಗೆ, ಸಿಗದಿದ್ದರೆ ಗಿರೀಶ್‌ಗೇ ಬಿಟ್ಟುಕೊಟ್ಟು ಹೋಗುವುದು ಹೇಗೆ? ಅಕ್ಕ “ಹಲೋ, ಹಲೋ” ಅನ್ನುತ್ತಲೇ ಇದ್ದಳು. ಕಾರ್ಯದರ್ಶಿಗಳಾದರೂ ಅವತ್ತು ಒಂದು ಉತ್ತರ ಕೊಟ್ಟಿದ್ದರು.