ಬರೀ ಗಾಳಿ

ಕುಕ್ಕರಿನ ರಬ್ಬರನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುತ್ತಲೂ ಬೆರಳಾಡಿಸಿ ನೋಡದೆ ಅಕ್ಕ ಅನ್ನಕ್ಕಿಡುತ್ತಿರಲಿಲ್ಲ. ರಜೆಗೆ ನಮ್ಮೂರು ಹೊಳನಗದ್ದೆಗೆ ಬಂದಾಗಲೂ ಅದೇ. "ಹೊಸಾದೇ ಅದು, ಎಂತ ನೋಡ್ತೆ?" ಎಂದು ಅಮ್ಮ, ಅಂದರೆ ನಮ್ಮ ಆಯಿ, ರೇಗಿದರೆ, "ಹೊಸಾದ್ರಲ್ಲೇ ಮೋಸ ಇರೂದು" ಎನ್ನುತ್ತಿದ್ದಳು.

ದೂರದ ಪ್ರಯೋಗಾಲಯವೊಂದರಲ್ಲಿ ಎಕ್ಸ್‌ರೇ ಸಂಶೋಧನೆ ಮಾಡುತ್ತಿದ್ದ ಅವಳು ಊರಿನವರಿಗೆ ಎಕ್ಸ್‌ರೇ ಸರೋಜಕ್ಕ. ಕುಮಟೆಯ ಆಸ್ಪತ್ರೆಯಲ್ಲಿ ತೆಗೆಸಿದ ಫಿಲ್ಮು ಹಿಡಿದು ಜಗುಲಿಗೆ ಬರುತ್ತಿದ್ದರು. "ನಮ್ಮ ಎಕ್ಸ್‌ರೇ ಮೆದು, ಅತ್ತೇ. ಚರ್ಮಾನೇ ದಾಟೂದಿಲ್ಲ, ನಿಮ್ಮ ಮಂಡಿ ಎಲ್ಲಿ ಕಾಣ್ತದೆ?" ಎಂದು ನಗುತ್ತಿದ್ದಳು.

ಅವಳ ಪ್ರಯೋಗಾಲಯದ ಕೆಲಸ ನನಗೆ ತಿಳಿದದ್ದು ಇಷ್ಟು. ಪಂಪಿನಿಂದ ಗಾಳಿಯೆಲ್ಲ ಎಳೆದು ಖಾಲಿ ಮಾಡಿದ ಉಕ್ಕಿನ ಪೆಟ್ಟಿಗೆ. ಅದರೊಳಗೆ ಕುಕ್ಕರ್ ಸೀಟಿಯ ಹಾಗೆ ತುಸು ಅನಿಲ ಚಿಮ್ಮಬೇಕು. ಹರಡುವ ಮೊದಲೇ ಅದಕ್ಕೆ ಲೇಸರ್ ಹೊಡೆಯಬೇಕು. ಅನಿಲ ಕಾದು ಉರಿದಾಗ ಆ ಮೆದು ಎಕ್ಸ್‌ರೇ ಕಿರಣ ಹೊರಡುತ್ತದೆ. ಅದರಿಂದ ಒಂದು ಜೀವಕೋಶದ ಒಳಗಿನ ಚಿತ್ರ ತೆಗೆಯಬೇಕೆಂಬುದೇ ಅವಳ ಆಸೆ. ಆದರೆ ಚೂರು ಗಾಳಿ ನುಸುಳಿದರೂ ಅದು ಕಿರಣವನ್ನು ನುಂಗಿಬಿಡುತ್ತದೆ. ಅವಳ ಪೆಟ್ಟಿಗೆ ಎಲ್ಲೋ ಸೋರುತ್ತಿತ್ತು. ತಿಂಗಳುಗಟ್ಟಲೆ ಹುಡುಕಿದರೂ ಸಿಗಲಿಲ್ಲ.

ಒಂದು ಸಂಜೆ ಫೋನಿನಲ್ಲಿ, "ಗಾಳಿ ಹೊಕ್ಕಿದೆ ಆಯೀ, ಎಲ್ಲ ಹಾಳಾತು" ಎಂದು ಅತ್ತಳು. ಆಯಿ ಮಿರ್ಜಾನಿಗೆ ಓಡಿದಳು. ಅಲ್ಲಿ ಗಾಳಿ ಬಿಡಿಸುವವರಿಂದ ಮಂತ್ರಿಸಿದ ಕಪ್ಪು ದಾರ ತಂದು, ನನ್ನಿಂದ ಕೊರಿಯರ್ ಮಾಡಿಸಿದಳು.

"ದೆವ್ವ ಅಲ್ಲ ಆಯೀ, ಬರೀ ಗಾಳಿ!" ಎಂದು ದಾರ ಕೈಸೇರಿದ ದಿನ ಅಕ್ಕ ಫೋನಿನಲ್ಲಿ ಕಿರುಚಿದಳು.

"ಬರೀ ಗಾಳಿಗೆ ಯಾರಾದ್ರೂ ಅಳ್ತಾರೆ? ಮೈಗೆ ಕಟ್ಕೋ ಸುಮ್ನೆ."

ಮರುದಿನ ಮತ್ತೆ ಫೋನು: "ಕಟ್ಟಿದೆ, ಆತಾ? ಪಂಪಿಗೆ."

ಆ ಮಳೆಗಾಲದಲ್ಲೇ ಬಂದ ಜ್ವರ ಅವಳನ್ನು ಒಯ್ದಿತು. ಪೆಟ್ಟಿಗೆ ಆಗಲೂ ಸೋರುತ್ತಿತ್ತು.

ಹನ್ನೆರಡನೆಯ ದಿನ ಅವಳ ಸಹೋದ್ಯೋಗಿಯೊಬ್ಬರು ಬಂದರು. ಅಕ್ಕನ ಚೀಲದ ಜೊತೆಗೆ ಎಣ್ಣೆ ಹಿಡಿದ ಆ ದಾರವನ್ನೂ ತಂದಿದ್ದರು. "ಸೋರುವ ಜಾಗ ಮೊನ್ನೆ ಸಿಕ್ಕಿತು. ಹೊಸದಾಗಿ ಹಾಕಿದ್ದ ರಬ್ಬರ್ ಉಂಗುರ. ಕೂದಲೆಳೆಯಷ್ಟು ಬಿರುಕು" ಎಂದರು. ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ಮನೆಯ ಕುಕ್ಕರಿನ ರಬ್ಬರನ್ನೂ ಬಿಡದೆ ನೋಡಿದವಳ ಕೈಯಿಂದ ಅದೊಂದೇ ಉಂಗುರ ತಪ್ಪಬೇಕಿತ್ತೇ?

ಆಯಿ ದಾರವನ್ನು ಕೈಗೆ ತೆಗೆದುಕೊಂಡು, "ಗಾಳಿ ಹೋತಾ?" ಎಂದು ಕೇಳಿದಳು.

"ಹೋಯ್ತಮ್ಮ. ಈಗ ಕಿರಣ ಚೆನ್ನಾಗಿ ಬರ್ತಾ ಇದೆ" ಎಂದರು ಅವರು.

"ಮೈಗೆ ಕಟ್ಕೋ ಅಂದಿದ್ದೆ ನಾನು" ಎಂದಳು ಆಯಿ. "ಪಂಪಿಗೆ ಕಟ್ಟಿದ್ಲು. ಪಂಪಿನ ಗಾಳಿ ಹೋತು."

ಬರೀ ಗಾಳಿ ಎಂದು ಕಿರುಚುವವಳು ಮನೆಯಲ್ಲಿರಲಿಲ್ಲ.