ಎರಡನೇ ದನಿಯ ಡಿಸೆಂಬರ್

ಹಾಡು ಇನ್ನೂ ಕಿಸೆಯೊಳಗೆ ಬಂದು ಕೂತಿರದ ಕಾಲವದು. ಒಂದು ಹಾಡು ಕೇಳಬೇಕೆನಿಸಿದರೆ ಎಲ್ಲಾದರೂ ಯಾರಾದರೂ ಅದನ್ನು ಹಾಡುತ್ತಿರಬೇಕಿತ್ತು. ಇಲ್ಲವೇ ಅಪ್ಪನ ಟಿಪ್ಪರಿನಲ್ಲಿದ್ದ ಟೇಪು ಆ ಕ್ಯಾಸೆಟ್ಟನ್ನು ನುಂಗದೆ ಉಳಿಸಿರಬೇಕಿತ್ತು. ಈಗ ನೋಡಿ, ಬೆಳಿಗ್ಗೆ ಬೆತಿಂನಲ್ಲಿ ಪಣಜಿಯ ಫೆರಿ ಹತ್ತುವ ಮೊದಲೇ ನನ್ನ ಕಿವಿಗಳಲ್ಲಿ ಹಾಡು ಶುರುವಾಗಿರುತ್ತದೆ. ಹೋಟೆಲಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವಷ್ಟರಲ್ಲಿ ಐದಾರು ಮುಗಿದಿರುತ್ತವೆ. ಈ ತಿಂಗಳು ನನ್ನನ್ನು ಹಿಡಿದು ಕೂರಿಸಿರುವುದು ಯಾವುದೋ ಗುಡ್ಡಗಾಡು ದೇಶದ ಹೆಂಗಸರ ಮೇಳ. ಅವರು ಹಾಡುವುದು ಯಾವ ಭಾಷೆ ಎನ್ನುವುದೂ ನನಗೆ ಗೊತ್ತಿಲ್ಲ. ಅದರ ಬೆನ್ನಿಗೆ ಗಂಡ ಹೆಂಡತಿ ಇಬ್ಬರೇ ಹಾಡಿದ ಹಳೆಯ ಕೊಂಕಣಿ ಮಾಂಡೊ ಒಂದು. ಆಮೇಲೆ ನಮ್ಮ ಕಡೆಯ ಹುಡುಗಿಯೊಬ್ಬಳ ತತ್ವಪದ, ಅದನ್ನಂತೂ ವಾರದಿಂದ ತಿರುತಿರುಗಿ ಕೇಳುತ್ತಿದ್ದೇನೆ. ಹಾಡಿನ ಹುಚ್ಚಿರುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಆದರೆ ನನ್ನ ಹುಚ್ಚಿಗೆ ಒಂದು ವಿಚಿತ್ರ ಚಟವಿದೆ. ಯಾವ ಹಾಡು ಬಂದರೂ ನನ್ನ ಕಿವಿ ಮುಖ್ಯ ದನಿಯನ್ನು ಬಿಟ್ಟು ಅದರ ಕೆಳಗೆ ಸಣ್ಣಗೆ ಹರಿಯುವ ಇನ್ನೊಂದು ದನಿಯನ್ನು ಹುಡುಕುತ್ತದೆ. ಈ ಚಟ ನನಗೆ ಅಂಟಿದ್ದು ಇದೇ ಗೋವಾದ ಗಣಿಯೂರು ಸಾವರ್ಡೆಯಲ್ಲಿ, ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ.

ಅಪ್ಪ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಮಳೆಗಾಲವಿಡೀ ನಿಂತಿದ್ದ ಗಾಡಿಗಳು ದೀಪಾವಳಿಯ ಹೊತ್ತಿಗೆ ಮತ್ತೆ ಸಾಲುಗಟ್ಟಿ ಹೊರಡುತ್ತಿದ್ದವು. ಅಂದಿನಿಂದ ಊರಿಗೆಲ್ಲ ಕೆಂಪು ಧೂಳು. ಒಣಹಾಕಿದ ಬಿಳಿ ಅಂಗಿ ಸಂಜೆಯೊಳಗೆ ಸ್ವಾಮಿಗಳ ಕಾವಿಯಾಗುತ್ತಿತ್ತು. ಅವ್ವ ಬಾಗಿಲು ಮುಚ್ಚಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಆದರೂ ಜೋಳದ ರೊಟ್ಟಿಯ ಮೊದಲ ತುತ್ತಿನಲ್ಲಿ ಧೂಳಿನದೊಂದು ಕಮಟು ವಾಸನೆ ಇದ್ದೇ ಇರುತ್ತಿತ್ತು. ನಮ್ಮ ಸಾಲುಮನೆಗಳಲ್ಲಿದ್ದವರೆಲ್ಲ ವಿಜಾಪುರ ಕಡೆಯವರು, ಡ್ರೈವರುಗಳು, ಕ್ಲೀನರುಗಳು, ಲೋಡಿಂಗಿನವರು. ಸೋಮವಾರ ಸಂಜೆ ಎಲ್ಲರೂ ಮೈ ತೊಳೆದುಕೊಂಡು ನಮ್ಮ ಬಾಗಿಲ ಮುಂದಿನ ಕಟ್ಟೆಗೆ ಭಜನೆಗೆ ಬರುತ್ತಿದ್ದರು. ಹಾರ್ಮೋನಿಯಂ ಹಿಡಿದು ಹೇಳಿಕೊಡುವವನು ನಮ್ಮಪ್ಪ. ತಬಲಾ ದಾವಲಸಾಬ ಕಾಕಾನದು. ಉಳಿದವರೆಲ್ಲ ತಾಳ ಹಿಡಿದು ಹಿಮ್ಮೇಳ.

ಅಪ್ಪನ ಭಜನೆಗೆ ಒಂದೇ ಕಟ್ಟಳೆ. ಮುಂದಿನವನು ಒಂದು ನುಡಿ ಎತ್ತಿದರೆ ಹಿಂದಿನವರು ಅದನ್ನು ಹಾಗೆಯೇ ಎತ್ತಿಕೊಳ್ಳಬೇಕು, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ.

"ಹಾಡೋನ ಕೈ ಬಿಡಬಾರದು ನೋಡ್ರಿ," ಎನ್ನುತ್ತಿದ್ದ ಅಪ್ಪ. "ಅಂವ ಹಾದಿ ತಪ್ಪಿದ್ರ ಅಂವನ ಬೆನ್ನಿಗೆ ನಾವೂ ತಪ್ಪಬೇಕು. ಒಬ್ಬನ್ನ ಬಿಟ್ಟು ಹೋಗೂದು ಅಂದ್ರ ಪಾಪ."

ನಾನು ಆ ಕಟ್ಟಳೆಯನ್ನು ತಾಯಿಯ ಹಾಲಿನೊಂದಿಗೇ ಕುಡಿದವಳು.

ನವೆಂಬರಿನಲ್ಲಿ ನಮ್ಮ ಸಿಸ್ಟರುಗಳ ಶಾಲೆಗೆ ನಾತಾಳದ ಹಾಡು ಕಲಿಸಲು ಒಬ್ಬ ಮುದುಕರು ಬಂದರು. ನಾತಾಳ ಎಂದರೆ ಕ್ರಿಸ್‌ಮಸ್. ಸಣಕಲು ಮೈ, ಕಪ್ಪು ಕೋಟು, ಕೋಟಿಗೆ ನುಸಿಗುಳಿಗೆಯ ವಾಸನೆ, ಕಂಕುಳಲ್ಲಿ ವಯೊಲಿನ್. ಊರೆಲ್ಲ ಅವರನ್ನು ಮೇಸ್ತ್ರಿ, ಅಂದರೆ ಸಂಗೀತದ ಮಾಸ್ತರು, ಎಂದೇ ಕರೆಯುತ್ತಿತ್ತು. ಮನೆಗೆ ಬಂದು ಹೇಳಿದರೆ ಅವ್ವನಿಗೆ ಗಾರೆ ಕೆಲಸದ ಮೇಸ್ತ್ರಿಯೇ ಕಣ್ಣ ಮುಂದೆ ಬಂದ.

"ಸಾಲ್ಯಾಗ ಏನ್ ಕಟ್ಟಸಾಕತ್ತಾರ?"

"ಹಾಡು ಕಟ್ಟಸ್ತಾರವ್ವ."

"ಕಟ್ಟಸ್ಲಿ ಬಿಡು, ಸಿಮೆಂಟರ ಉಳೀತದ."

ಮೇಸ್ತ್ರಿ ಒಬ್ಬೊಬ್ಬರನ್ನೇ ಕರೆದು ಒಂದು ಸಾಲು ಹಾಡಿಸಿ ನಮ್ಮನ್ನು ಎರಡು ಪಾಲು ಮಾಡಿದರು. ನನ್ನ ಜೀವದ ಗೆಳತಿ ಲೂಸಿ ಮೊದಲನೇ ದನಿಗೆ ಹೋದಳು. ನಮ್ಮ ಓಣಿಯ ಕೊನೆಯ ಮನೆಯವಳು ಅವಳು. ಶಾಲೆಗೆ ಹೋಗುವುದು, ಬರುವುದು, ಕುಂಟಾಬಿಲ್ಲೆ ಆಡುವುದು ಎಲ್ಲ ಜೊತೆಗೇ. ನನ್ನ ದನಿ ದಪ್ಪ. ಮೇಸ್ತ್ರಿ ತಲೆಯಾಡಿಸಿ ನನ್ನನ್ನು ಎರಡನೇ ದನಿಯ ಸಾಲಿನ ತುದಿಗೆ, ಲೂಸಿಗೆ ಸರಿಯಾಗಿ ಭುಜ ತಗಲುವ ಹಾಗೆ ನಿಲ್ಲಿಸಿದರು. ಅದೊಂದು ಕೊಂಕಣಿ ಹಾಡು. ಚಳಿಯಲ್ಲಿ ಕುರಿ ಕಾಯುವವರು ದೂರದ ಬೆಳಕು ಕಂಡು ಹೊರಡುವುದು ಅದರ ಕಥೆ. ಲೂಸಿಯವರ ಧಾಟಿ ಏರುತ್ತಿತ್ತು, ಇಳಿಯುತ್ತಿತ್ತು, ಕೊನೆಯಲ್ಲಿ ಎದೆ ಹಿಂಡುತ್ತಿತ್ತು. ನಮ್ಮದು ಮೂರು ನಾಲ್ಕು ಸ್ವರಗಳ ನಡುವೆಯೇ ಬೇಸರದಿಂದ ಅಡ್ಡಾಡುತ್ತಿತ್ತು.

ನಮ್ಮ ಸಾಲನ್ನಷ್ಟೇ ಹಾಡಿಸಿದಾಗ ನಾನು ಸರಿಯಾಗಿಯೇ ಹಾಡುತ್ತಿದ್ದೆ. ಎರಡೂ ಸಾಲುಗಳನ್ನು ಕೂಡಿಸಿದ ಕೂಡಲೇ ನನ್ನ ದನಿ ನನ್ನ ಮಾತು ಕೇಳದೆ ಲೂಸಿಯ ಧಾಟಿಗೆ ಜಿಗಿದುಬಿಡುತ್ತಿತ್ತು. ಪಕ್ಕದಲ್ಲಿ ಗೆಳತಿ ಒಂದು ಹಾಡು ಎತ್ತಿರುವಾಗ ನಾನು ಬೇರೇನನ್ನೋ ಹಾಡುವುದು ಹೇಗೆ? ಅದು ನನಗೆ ಬರಿಯ ತಪ್ಪಲ್ಲ, ದ್ರೋಹವೆನಿಸುತ್ತಿತ್ತು.

"ಬಾಯ್, ತುಜೆಂ ತುಂ ಗಾಯ್," ಎನ್ನುತ್ತಿದ್ದರು ಮೇಸ್ತ್ರಿ. ಹುಡುಗಿ, ನಿನ್ನದನ್ನು ನೀನು ಹಾಡು. ಹೇಳಿ ಹೇಳಿ ಅವರಿಗೂ ಸಾಕಾಯಿತು. ಶನಿವಾರದೊಳಗೆ ಸರಿಯಾಗದಿದ್ದರೆ ಮೇಣದಬತ್ತಿಯವರ ಜೊತೆ ನಿಲ್ಲಿಸುತ್ತೇನೆ ಎಂದರು. ಮೇಣದಬತ್ತಿಯವರು ಬಿಳಿ ಫ್ರಾಕು ಹಾಕಿಕೊಂಡು ದೀಪ ಹಿಡಿದು ನಿಲ್ಲಬೇಕು, ಬಾಯಿ ತೆರೆಯುವ ಹಾಗಿಲ್ಲ. ನೋಡಲು ಚೆಂದ, ಆದರೆ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ನನಗೆ ಹಾಡಬೇಕಿತ್ತು. ಆ ವಯಸ್ಸಿನಲ್ಲಿ ನಾನು ಅಷ್ಟು ಆಸೆಯಿಂದ ಬೇರೇನನ್ನೂ ಬಯಸಿದ್ದು ನೆನಪಿಲ್ಲ.

ಮನೆಯಲ್ಲಿ ಮೂಲೆಗೆ ಕೂತು ನನ್ನ ಸಾಲನ್ನು ಹಾಡಿಕೊಳ್ಳುತ್ತಿದ್ದೆ. ಅಪ್ಪ ಶೇಂಗಾಚಟ್ನಿ ಕಲೆಸುತ್ತಿದ್ದ ಕೈ ನಿಲ್ಲಿಸಿ ಕಿವಿಗೊಟ್ಟ.

"ಇದೇನ ಗಂಗೂ, ಧಾಟಿನ ಇಲ್ಲಲ್ಲ ಇದಕ್ಕ? ಏರೂದಿಲ್ಲ, ಇಳಿಯೂದಿಲ್ಲ."

"ಹಿಂಗ ಅದ ಅಪ್ಪಾ. ಮೇಸ್ತ್ರಿ ಹಿಂಗ ಕಲಿಸ್ಯಾರ."

"ಆ ಲೂಸಿ ಓಣ್ಯಾಗ ಹಾಡ್ಕೋತ ಹೋಗೂದು ನಾ ಕೇಳೀನಿ. ಅದು ಹಾಂಗಿಲ್ಲ. ನೀ ತಪ್ಪ ತಿಳ್ಕೊಂಡಿ."

ಅಪ್ಪ ಕೈ ತೊಳೆದು ಹಾರ್ಮೋನಿಯಂ ಎಳೆದುಕೊಂಡ. ಒಮ್ಮೆ ಕೇಳಿದ ಧಾಟಿ ಅವನ ಬೆರಳಿಗೆ ಇಳಿದುಬಿಡುತ್ತಿತ್ತು. ಇಡೀ ದಿನ ಸ್ಟೇರಿಂಗ್ ತಿರುವಿ ದಣಿದ ಮನುಷ್ಯ ಮೂರು ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ಲೂಸಿಯ ಧಾಟಿಯನ್ನು ಪ್ರೀತಿಯಿಂದ, ತಾಳ್ಮೆಯಿಂದ, ಒಂದೆಳೆ ತಪ್ಪದ ಹಾಗೆ ನನ್ನ ಗಂಟಲಿಗೆ ಕೂರಿಸಿದ. ನನಗೂ ಅದು ಎಷ್ಟು ಹಿತವಾಗಿತ್ತೆಂದರೆ ಮೇಸ್ತ್ರಿಯ ಮಾತನ್ನೇ ಮರೆತೆ. ಶನಿವಾರ ಎದೆ ಉಬ್ಬಿಸಿ ನಿಂತು, ಎರಡನೇ ಸಾಲಿನ ತುದಿಯಿಂದ, ಎಲ್ಲರಿಗಿಂತ ಗಟ್ಟಿಯಾಗಿ ಮೊದಲನೇ ದನಿಯನ್ನು ಹಾಡಿದೆ. ಮೇಸ್ತ್ರಿ ವಯೊಲಿನ್ ಕೆಳಗಿಟ್ಟರು. ಮೇಣದಬತ್ತಿಯವರ ಕಡೆ ಬೆರಳು ತೋರಿಸಿದರು.

ನಾನು ಅಳುತ್ತಾ ಮನೆಗೆ ಬಂದದ್ದು ನೋಡಿ ಅಪ್ಪನಿಗೆ ನೆತ್ತಿಗೇರಿತು. ಭಾನುವಾರ ಸಂಜೆ ಹಾರ್ಮೋನಿಯಂ ಹೆಗಲಿಗೇರಿಸಿ, ನನ್ನ ಕೈ ಹಿಡಿದು ಮೇಸ್ತ್ರಿಯ ಮನೆಗೆ ನಡೆದ. ಮೇಸ್ತ್ರಿಗೆ ಕನ್ನಡ ಬಾರದು, ಅಪ್ಪನ ಕೊಂಕಣಿ ಅದಿರು ತುಂಬಿ ಇಳಿಸುವಷ್ಟಕ್ಕೆ ಮಾತ್ರ. ಹೀಗಾಗಿ ಅವನ ಕನ್ನಡವನ್ನು ನಾನು ಕೊಂಕಣಿ ಮಾಡಿ ಮುಟ್ಟಿಸುತ್ತಿದ್ದೆ.

"ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ನನ್ನ ಮಗಳು ಖರೇ ಧಾಟೀಲೆ ಹಾಡತಾಳ್ರಿ. ನೀವ ಬ್ಯಾರೆ ಏನೋ ಕಲಸಾಕತ್ತೀರಿ. ಬೇಕಂದ್ರ ನಾ ಹಾಡಿ ತೋರಸ್ತೀನಿ."

ಮೇಸ್ತ್ರಿ ಅಪ್ಪನನ್ನೂ ಹಾರ್ಮೋನಿಯಮ್ಮನ್ನೂ ಒಮ್ಮೆ ನೋಡಿದರು. ಜಗಲಿಯ ಕಲ್ಲುಬೆಂಚು ತೋರಿಸಿ, ಹಾಡು ಎಂದು ಕೈ ಮಾಡಿದರು.

ಅಪ್ಪ ಕಣ್ಣು ಮುಚ್ಚಿ ಹಾಡಿದ. ಮಾತು ಬಾರದಲ್ಲಿ ಬರೀ 'ಆ' ಎನ್ನುತ್ತಾ, ಭಜನೆಯ ಗಟ್ಟಿ ದನಿಯಲ್ಲಿ, ನಾತಾಳದ ಆ ಹಾಡನ್ನು ಹಾಡಿದ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೇಸ್ತ್ರಿಯೂ ಹಾಡತೊಡಗಿದರು. ಅಪ್ಪ ಬೇಸರದಿಂದ ಧಾಟಿಯೇ ಇಲ್ಲ ಎಂದಿದ್ದನಲ್ಲ, ಅದೇ ನನ್ನ ಸಾಲು. ಮುದುಕರ ದನಿ ಒಡಕಲಾಗಿತ್ತು. ಆದರೆ ಅದು ಅಪ್ಪನ ದನಿಯ ಕೆಳಗೆ ಬಂದು ನಿಂತ ಕೂಡಲೇ ಆ ಸಣ್ಣ ಜಗಲಿ ಇದ್ದಕ್ಕಿದ್ದಂತೆ ಅಗಲವಾಯಿತು. ಇಬ್ಬರೇ ಹಾಡುತ್ತಿದ್ದರು, ಅವರಿಬ್ಬರೂ ಹಾಡದ ಮೂರನೆಯದೊಂದು ದನಿ ಅವರ ತಲೆಯ ಮೇಲೆಲ್ಲೋ ಗುಂಯ್ಗುಡುತ್ತಿತ್ತು. ಅಪ್ಪನ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ ತಾನಾಗಿ ನಿಂತಿತು. ಅವನು ಕಣ್ಣು ತೆರೆದ. ಒಮ್ಮೆ ಹಿಂದೆ ತಿರುಗಿ ನೋಡಿದ, ಮೂರನೆಯವರು ಯಾರು ಹಾಡಿದರೆಂದು. ಯಾರೂ ಇರಲಿಲ್ಲ.

"ಇನ್ನೊಮ್ಮೆ ಹಾಡೂಣ್ರಿ," ಎಂದ ಅಪ್ಪ, ಪೂಜೆಯಲ್ಲಿ ಮಾತಾಡುವಷ್ಟು ಮೆತ್ತಗೆ.

ಎಷ್ಟು ಸಲ ಹಾಡಿದರೋ. ಮೇಸ್ತ್ರಿಯ ಹೆಂಡತಿ ನೆವ್ರಿಯ ತಟ್ಟೆ ತಂದಿಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತರು. ಒಳಗೆ ಕೊಬ್ಬರಿ ಸಕ್ಕರೆ ತುಂಬಿದ ಆ ಕರಿಗಡಬಿನಂಥ ತಿಂಡಿಯನ್ನು ಯಾರೂ ಮುಟ್ಟಲಿಲ್ಲ, ನನ್ನ ಹೊರತು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ನನ್ನ ಸಾಲನ್ನು ಗುನುಗುತ್ತಾ ನಡೆದ. ರೈಲ್ವೆ ಗೇಟಿನ ಹತ್ತಿರ ನಿಂತು ಹೇಳಿದ:

"ಗಂಗೂ, ಅಂವ ನನ್ನ ಬೆನ್ನ ಹಿಂದ ಬರಲಿಲ್ಲ. ನನ್ನ ಬಿಟ್ಟೂ ಹೋಗಲಿಲ್ಲ. ಬಾಜೂಕ ನಡದ ನೋಡು. ಹಿಂಗೂ ಹಾಡಾಕ ಬರತದ ಅಂತ ಇಷ್ಟು ವರ್ಷ ನನಗ ಗೊತ್ತ ಇರಲಿಲ್ಲ."

ಆಮೇಲೆ ತುಸು ನಾಚಿ ನಕ್ಕ. "ನಾನ ನಿನಗ ತಪ್ಪ ಕಲಿಸಿದೆ ಬಿಡು."

ಅವತ್ತಿನಿಂದ ಸಂಜೆ ಅಪ್ಪ ಲೂಸಿಯಾದ, ನಾನು ನಾನೇ ಆದೆ. ಮೊದಲ ದಿನ ಮತ್ತೆ ಮತ್ತೆ ಅವನ ಧಾಟಿಗೆ ಜಾರಿದೆ. ಜಾರಿದಾಗಲೆಲ್ಲ ಅವನು ಮೊಣಕೈಯಿಂದ ತಿವಿದು, "ಬಾಜೂಕ, ಬಾಜೂಕ" ಎನ್ನುತ್ತಿದ್ದ. ಎರಡನೇ ದಿನ ಒಂದಿಡೀ ಸಾಲು ನನ್ನ ದನಿ ನಿಂತ ಕಡೆಯೇ ನಿಂತಿತು, ಆ ಗುಂಯ್ಗುಡುವ ಮೂರನೆಯದು ನಮ್ಮ ತಗಡಿನ ಮಾಡಿನ ಕೆಳಗೂ ಬಂತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮೇಲೆ ನೋಡಿದಳು. ಮೇಸ್ತ್ರಿ ನನ್ನನ್ನು ಮತ್ತೆ ಹಾಡಿಸಿ ನೋಡಿ ಲೂಸಿಯ ಪಕ್ಕಕ್ಕೆ ನಿಲ್ಲಿಸಿದರು.

ನಾತಾಳದ ಕಾರ್ಯಕ್ರಮ ಶಾಲೆಯ ಅಂಗಳದಲ್ಲಿ ನಡೆಯಿತು. ಮೇಣ ಕರಗುವ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ, ಅಷ್ಟರ ಮೇಲೂ ಕೆಂಪು ಧೂಳು. ಸಾಲುಮನೆಯವರೆಲ್ಲ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಹಾಡು ಶುರುವಾಯಿತು. ಲೂಸಿ ಏರಿದಳು, ನಾನು ಏರಲಿಲ್ಲ. ಅವಳ ಭುಜ ಉಸಿರಿಗೆ ಎದ್ದಾಗ ನನ್ನದೂ ಎದ್ದಿತು. ನಾನು ಹಾಡುತ್ತಿದ್ದೇನೆ ಎನ್ನುವುದಕ್ಕಿಂತ ಯಾವುದೋ ದೊಡ್ಡ ಮನೆಯೊಂದು ನಮ್ಮ ಸುತ್ತ ಏಳುತ್ತಿದೆ, ಅದರ ಒಂದು ಕಂಬವನ್ನು ನಾನು ಹೊತ್ತಿದ್ದೇನೆ ಅನಿಸುತ್ತಿತ್ತು. ಹೆದರಿಕೆಯಾಯಿತು, ಸುಖವೂ ಆಯಿತು. ದೇವರು ಅಂದರೆ ಇದೇ ಇರಬೇಕು ಎಂದು ನನಗೆ ಖಾತ್ರಿಯಾಗಿ ಅನಿಸಿದ್ದು ಅದೊಂದೇ ಸಲ. ಹಿಂದಿನ ಗೋಡೆಯ ಬಳಿ ಅಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಮುಂದಿನ ಸೋಮವಾರ ಅಪ್ಪ ಭಜನೆಯಲ್ಲೂ ಇದನ್ನು ಮಾಡಿಸಲು ಹೊರಟ. ಅರ್ಧ ಜನಕ್ಕೆ ಒಂದು ಧಾಟಿ, ಇನ್ನರ್ಧ ಜನಕ್ಕೆ ಕೆಳಗಿನದು. ಮಹಾ ಗದ್ದಲವಾಯಿತು. ಹತ್ತು ಗಂಡಸರು ಹತ್ತು ದಿಕ್ಕಿಗೆ ಹೋದರು. ದಾವಲಸಾಬ ಕಾಕಾ ತಬಲಾ ನಿಲ್ಲಿಸಿ ಅಪ್ಪನ ಕಡೆ ತಿರುಗಿ, "ಮಾಂತಪ್ಪ, ಇದು ಭಜನಿಯೋ ಸಂತಿಯೋ ಹೇಳಿಬಿಡಪಾ ತಂದೆ," ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಪ್ಪನೂ ನಕ್ಕ. ಆದರೆ ಭಜನೆ ಮುಗಿದು ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು, ಒಂದೇ ಒಂದು ಸಲ ನಮ್ಮ ಹಾಡು ಹಾಡಿಸಿಕೊಂಡ.

ಕೆಲವು ವರ್ಷಗಳ ಮೇಲೆ ಗಣಿ ನಿಂತಿತು. ಸಾಲುಮನೆಗಳು ಖಾಲಿಯಾದವು, ತಾಳ ಹಿಡಿದವರು ಒಬ್ಬೊಬ್ಬರಾಗಿ ಊರ ದಾರಿ ಹಿಡಿದರು. ಅಪ್ಪ ಕಲಂಗುಟ್‌ನಲ್ಲಿ ಹೋಟೆಲುಗಳಿಗೆ ನೀರಿನ ಟ್ಯಾಂಕರ್ ಓಡಿಸಿದ. ಮೇಸ್ತ್ರಿ ತೀರಿಕೊಂಡರು. ಲೂಸಿ ಮದುವೆಯಾಗಿ ಲಿಸ್ಬನ್ನಿಗೆ ಹೋದಳು, ಹಬ್ಬಕ್ಕೊಂದು ಮೆಸೇಜು ಬರುತ್ತದೆ. ಅಪ್ಪ ಈಗ ನಮ್ಮ ಜೊತೆಗೇ ಇದ್ದಾನೆ. ಟಿಪ್ಪರಿನ ಇಂಜಿನ್ ಅವನ ಕಿವಿಗಳನ್ನು ಮುಕ್ಕಾಲು ತಿಂದಿದೆ. ಆದರೂ ಸಂಜೆ ನಾನು ಬಂದ ಕೂಡಲೇ, "ಇವತ್ತೇನ ಕೇಳಿದಿ?" ಎಂದು ಕೇಳದೆ ಬಿಡುವುದಿಲ್ಲ. ಇಯರ್‌ಬಡ್ ಅವನ ಕಿವಿಗಿಟ್ಟು ದನಿ ಏರಿಸುತ್ತೇನೆ. ಸ್ವಲ್ಪ ಹೊತ್ತು ಇಟ್ಟುಕೊಂಡು ತೆಗೆದುಕೊಡುತ್ತಾನೆ. "ಭಾಳ ಚಲೋ ಅದ. ಆದ್ರ ಬುರು ಬುರು ಅಂತದ," ಎನ್ನುತ್ತಾನೆ.

ನನಗೆ ಕೊರತೆ ಇಲ್ಲ. ಜಗತ್ತಿನ ಮೇಳಗಳೆಲ್ಲ ನನ್ನ ಬೆರಳ ತುದಿಯಲ್ಲಿವೆ. ಎಂಟೆಂಟು ದನಿಗಳು ಒಂದರ ಪಕ್ಕ ಒಂದು ನಡೆಯುವ ಹಾಡುಗಳನ್ನು ಕೇಳಿ ಫೆರಿಯ ಕಟಕಟೆ ಹಿಡಿದು ಇವತ್ತಿಗೂ ಬೆರಗಾಗುತ್ತೇನೆ. ತುಟಿ ಅಲುಗದ ಹಾಗೆ ಗಂಟಲಲ್ಲೇ ಎರಡನೇ ದನಿ ಹಾಡಿಕೊಳ್ಳುತ್ತೇನೆ. ಅಷ್ಟರಲ್ಲಿ ಫೆರಿ ದಡಕ್ಕೆ ತಾಗಿ ಜನ ನುಗ್ಗುತ್ತಾರೆ, ಯಾರದೋ ಚೀಲ ತಗಲುತ್ತದೆ, ನಾನು ನಡುವೆಯೇ ನಿಲ್ಲಿಸುತ್ತೇನೆ. ಆ ಡಿಸೆಂಬರಿನಲ್ಲಿ ನಾನು ಒಂದು ಉಸಿರು ತಪ್ಪಿಸಿದ್ದರೂ ಲೂಸಿ ತಿರುಗಿ ನೋಡುತ್ತಿದ್ದಳು, ಇಡೀ ಸಾಲು ಕುಂಟುತ್ತಿತ್ತು. ಇವತ್ತು ನಾನು ನಿಂತರೂ ಯಾರ ಹಾಡೂ ನಿಲ್ಲುವುದಿಲ್ಲ.